ಅಂಗಡಿಗೊಂದು ಕೆ3ಎಸ್ ಡಬ್ಬಿ: ಮಲೆನಾಡಿನ ಮಳೆಗೂ ಸೈ

ನಾಲ್ಕಾರು ಊರಲ್ಲಿ ಅಂಗಡಿ ಇದೆ, ಎಲ್ಲದರ ಬಿಲ್ಲಿಂಗ್ ಸಾಫ್ಟ್‌ವೇರನ್ನೂ ಒಂದೇ ಕಡೆ ಕೂತು ನೋಡಿಕೊಳ್ಳಬೇಕು ಅನ್ನುವವರು ಕಣ್ಣುಮುಚ್ಚಿ ಕೆ3ಎಸ್ ಹಾಕಿಕೊಳ್ಳಬಹುದು. ಒಂದೇ ಷರತ್ತು, ಪ್ರತಿ ಅಂಗಡಿಯ ಡಬ್ಬಿಯೂ (ಅಲ್ಲಿಟ್ಟ ಪುಟ್ಟ ಕಂಪ್ಯೂಟರ್) ತನ್ನ ಕಾಲ ಮೇಲೆ ತಾನು ನಿಲ್ಲುವ ಹಾಗಿರಬೇಕು.

ಇದು ಹಲವು ಕಂಪ್ಯೂಟರುಗಳಲ್ಲಿ ಸಾಫ್ಟ್‌ವೇರ್ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನ ಹಗುರ ರೂಪ. ರ‍್ಯಾಂಚರ್ ಲ್ಯಾಬ್ಸ್ 2019ರಲ್ಲಿ ಹೊರತಂದು, ಮರುವರ್ಷ ಸಿಎನ್‌ಸಿಎಫ್ ಎಂಬ ಮುಕ್ತ ತಂತ್ರಾಂಶ ಸಂಸ್ಥೆಗೆ ಒಪ್ಪಿಸಿತು. ದುಡ್ಡು ಕೊಡಬೇಕಿಲ್ಲ. 100 ಎಂಬಿ ಒಳಗಿನ ಒಂದೇ ಫೈಲು. ಒಂಟಿ ಸರ್ವರ್ (ಏನು ಓಡಬೇಕೆಂದು ಹೇಳುವ ಮುಖ್ಯ ಭಾಗ) ಆದರೆ ಎಟ್‌ಸಿಡಿ ಎಂಬ ಭಾರದ ಡೇಟಾಬೇಸ್ ಬದಲು ಹಗುರವಾದ ಎಸ್‌ಕ್ಯೂಲೈಟ್ ಸಾಕು, ಹಾಗಾಗಿ ಕೌಂಟರ್ ಕೆಳಗಿಡುವ ಮಿನಿ ಪಿಸಿಯಲ್ಲೂ ಆರಾಮಾಗಿ ಓಡುತ್ತದೆ.

ನಮ್ಮ ಅಂಗಡಿಗಳು ಶಿರಸಿ, ಸಿದ್ದಾಪುರ, ಸಾಗರದ ಕಡೆ. ಹುಬ್ಬಳ್ಳಿ ಆಫೀಸಿನಲ್ಲಿ ಸರ್ವರ್, ಅಂಗಡಿಗಳಲ್ಲಿ ಬರೀ ಏಜೆಂಟ್ (ಸರ್ವರ್ ಹೇಳಿದ್ದನ್ನು ಓಡಿಸುವ ಭಾಗ) ಇಟ್ಟೂ ಪರೀಕ್ಷಿಸಿದೆವು. ನೆಟ್ ಹೋದರೂ ಓಡುತ್ತಿರುವ ಕಂಟೇನರ್ (ಸಾಫ್ಟ್‌ವೇರ್ ಕಟ್ಟಿಟ್ಟ ಪೊಟ್ಟಣ) ನಿಲ್ಲುವುದಿಲ್ಲ, ಅದು ಸರಿ. ಆದರೆ ಜುಲೈ ಮಳೆಯಲ್ಲಿ ನೆಟ್ ಒಂದೇ ಹೋಗುತ್ತಾ? ಕರೆಂಟೂ ಜೊತೆಗೇ ಹೋಗುತ್ತದೆ ಅಲ್ವಾ. ಯುಪಿಎಸ್ ಖಾಲಿಯಾಗಿ, ಕರೆಂಟ್ ಬಂದು ಡಬ್ಬಿ ಮತ್ತೆ ಆನ್ ಆದಾಗ ಏಜೆಂಟ್ ಹುಬ್ಬಳ್ಳಿ ಸರ್ವರ್ ಸಿಗಲಿ ಅಂತ ಕಾಯುತ್ತಾ ಕೂರುತ್ತದೆ, ಬಿಲ್ಲಿಂಗ್ ಶುರುವಾಗುವುದೇ ಇಲ್ಲ, ಕೌಂಟರ್ ಹುಡುಗ ಕೈಬರಹದ ಬಿಲ್ ಬುಕ್ ಹುಡುಕುತ್ತಾನೆ. ಅದಕ್ಕೇ ಅಂಗಡಿಗೊಂದು ಪೂರ್ತಿ ಸರ್ವರ್ ಕೂರಿಸಿದ್ದು. ಬದಲಾವಣೆಯನ್ನು ಗಿಟ್‌ಗೆ (ಬದಲಾವಣೆಗಳ ದಾಖಲೆ ಇಡುವ ಜಾಗ) ಹಾಕುತ್ತೇವೆ, ನೆಟ್ ಬಂದಾಗ ಆಯಾ ಅಂಗಡಿಯ ಡಬ್ಬಿಯೇ ಫ್ಲೀಟ್ ಎಂಬ ಸಾಧನದ ಮೂಲಕ ಎಳೆದುಕೊಳ್ಳುತ್ತದೆ. ಅಂಗಡಿ ಕಡೆ ಪೋರ್ಟ್ ತೆರೆಯುವ, ಸ್ಟ್ಯಾಟಿಕ್ ಐಪಿಗೆ ದುಡ್ಡು ಸುರಿಯುವ ರಗಳೆ ಇಲ್ಲ. ದೊಡ್ಡ ಇಮೇಜ್ (ಕಂಟೇನರಿನ ಮೂಲ ಫೈಲು) ಇದ್ದರೆ ಪೆನ್‌ಡ್ರೈವ್ ಕೊಟ್ಟು ಕಳಿಸಿ, ಅದಕ್ಕೆಂದೇ ಇರುವ ಫೋಲ್ಡರಿಗೆ ಹಾಕಿಸಿದರೂ ನಡೆಯುತ್ತದೆ.

ಕಿರಿಕಿರಿ ಇಲ್ಲ ಅಂತಲ್ಲ. ಕೆ3ಎಸ್ ಒಳಗಿನ ಸರ್ಟಿಫಿಕೇಟುಗಳ (ಭಾಗಗಳು ಒಂದನ್ನೊಂದು ನಂಬಲು ಬಳಸುವ ಡಿಜಿಟಲ್ ಗುರುತುಪತ್ರ) ಆಯಸ್ಸು 365 ದಿನ. ಅವಧಿ ಮುಗಿಯುವ ಹೊತ್ತಿಗೆ ಕೆ3ಎಸ್ ರೀಸ್ಟಾರ್ಟ್ ಆದರೆ ತಾನೇ ಹೊಸದು ಮಾಡಿಕೊಳ್ಳುತ್ತದೆ, ಆಗದಿದ್ದರೆ ಇಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದೆ ಚೆನ್ನಾಗಿ ಓಡುತ್ತಿರುವ ಡಬ್ಬಿಯೇ ಕೈಕೊಡುತ್ತದೆ ಅನ್ನುವುದು ವಿಚಿತ್ರ, ಈ ವಿಷಯವನ್ನು ಕೆ3ಎಸ್‌ನವರು ತಮ್ಮ ಕೈಪಿಡಿಯಲ್ಲಿ ಇನ್ನೂ ದೊಡ್ಡದಾಗಿ ಬರೆಯಬೇಕಿತ್ತು. ಅಪ್‌ಗ್ರೇಡ್ ಮಾಡಿದರೆ ರೀಸ್ಟಾರ್ಟೂ ಆಗುತ್ತದೆ, ಹಾಗಾಗಿ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಡಬ್ಬಿ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಆದರೆ ಎಸ್‌ಡಿ ಕಾರ್ಡ್ ನಂಬಬೇಡಿ, ಬರೆದು ಬರೆದು ಸವೆಯುತ್ತದೆ. ಎಸ್‌ಎಸ್‌ಡಿಗೆ ಸ್ವಲ್ಪ ಜಾಸ್ತಿ ಖರ್ಚಾಗಲಿ.

ಇರುವುದೇ ಒಂದು ಅಂಗಡಿ ಅಂದರೆ ಇದರ ತಂಟೆಗೆ ಹೋಗಬೇಡಿ. ಸುಮ್ನೆ ಒಂದೇ ಕಂಪ್ಯೂಟರಿನಲ್ಲಿ ಕಂಟೇನರ್ ಓಡಿಸುವ ಡಾಕರ್ ಕಂಪೋಸ್ ಹಾಕಿಕೊಳ್ಳಿ, ಸಾಕು.