ದೀಪ ಉರಿಯುತ್ತಿರುವಾಗಲೇ ಹುಟ್ಟುವ ಭಯ

ನಾನು ನಾಟಕಗಳಿಗೆ ಬೆಳಕಿನ ವಿನ್ಯಾಸ ಮಾಡುವವನು. ದೃಶ್ಯದಲ್ಲಿ ಭಯ ಬೇಕು ಎಂದು ನಿರ್ದೇಶಕರು ಹೇಳಿದ ಕೂಡಲೇ ನನ್ನ ಕೈ ತಾನಾಗಿಯೇ ಬೆಳಕು ತಗ್ಗಿಸುವ ಡಿಮ್ಮರ್ ಕಡೆಗೆ ಹೋಗುತ್ತದೆ. ನೀಲಿ ಜೆಲ್ (ಬಣ್ಣದ ತೆಳು ಹಾಳೆ) ಹಾಕಿದ ದೀಪ, ಒಂದು ಬದಿಯಿಂದ ಚಾಚಿದ ಉದ್ದನೆಯ ನೆರಳು, ಕತ್ತಲಲ್ಲಿ ಮುಳುಗಿದ ಅರ್ಧ ಮುಖ: ವರ್ಷಗಳಿಂದ ನನ್ನ ಬತ್ತಳಿಕೆಯಲ್ಲಿದ್ದ ಬಾಣಗಳು ಇವೇ. ಅವುಗಳ ಮೇಲಿನ ನಂಬಿಕೆಯನ್ನು ಅಲುಗಾಡಿಸಿದ್ದು ಅಗಾಥಾ ಕ್ರಿಸ್ಟಿಯವರ ‘ಆಂಡ್ ದೆನ್ ದೇರ್ ವರ್ ನನ್’ ಕಾದಂಬರಿಯ ಒಂದೇ ಒಂದು ಪ್ಯಾರಾ. ಮೊದಲ ಎರಡು ಓದಿನಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕೊಲೆಗಾರ ಯಾರು ಎಂಬ ಆತುರ ಅಷ್ಟಿತ್ತು. ಈಗ ಮೂರನೆಯ ಸಲ, ಉತ್ತರ ಗೊತ್ತಿದ್ದೂ ಓದಿದೆ. ಭಯ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಿದರೆ ಸಾಕು. 1939ರಲ್ಲಿ ಪ್ರಕಟವಾದ ಪುಸ್ತಕವಿದು. ಇಂಗ್ಲೆಂಡಿನ ಡೆವನ್ ಕರಾವಳಿಯಾಚೆಗೆ ಒಂದು ಬಂಡೆಯ ದ್ವೀಪ, ಅದರ ಮೇಲೆ ಒಂದೇ ಒಂದು ಮನೆ. ಆಗಸ್ಟ್ ತಿಂಗಳ ಒಂದು ದಿನ ಎಂಟು ಮಂದಿ ಅತಿಥಿಗಳು ಬೇರೆ ಬೇರೆ ನೆಪದ ಆಹ್ವಾನಗಳನ್ನು ನಂಬಿ ಅಲ್ಲಿಗೆ ಬರುತ್ತಾರೆ. ಮನೆವಾರ್ತೆ ನೋಡಿಕೊಳ್ಳುವ ರಾಜರ್ಸ್ ದಂಪತಿ ಸೇರಿ ಹತ್ತು ಜನ. ಕರೆದವರು ಮಾತ್ರ ಇಲ್ಲ. ರಾತ್ರಿ ಊಟವಾದ ಮೇಲೆ ಗ್ರಾಮಫೋನಿನಿಂದ ಒಂದು ಧ್ವನಿ ಎದ್ದು, ಹತ್ತೂ ಜನರ ಮೇಲೆ ಸಾವುಗಳ ಹೊಣೆ ಹೊರಿಸುತ್ತದೆ. ಯಾವ ಕಾನೂನಿನ ಕೈಗೂ ಸಿಗದ ಸಾವುಗಳು ಅವು. ಪ್ರತಿ ಮಲಗುವ ಕೋಣೆಯಲ್ಲೂ ಹತ್ತು ಪುಟ್ಟ ಸಿಪಾಯಿಗಳ ಶಿಶುಪದ್ಯ ಚೌಕಟ್ಟಿನೊಳಗೆ ತೂಗುತ್ತಿದೆ. ಊಟದ ಮೇಜಿನ ನಡುವೆ ಹತ್ತು ಪಿಂಗಾಣಿ ಬೊಂಬೆಗಳು. ಒಬ್ಬರು ಸತ್ತಾಗ ಒಂದು ಬೊಂಬೆ ಕಾಣೆಯಾಗುತ್ತದೆ. ದಿನವೂ ಬರಬೇಕಿದ್ದ ದೋಣಿ ಬರುವುದಿಲ್ಲ.

ಈಗ ಆ ಪ್ಯಾರಾದ ವಿಷಯ. ಮೊದಲ ರಾತ್ರಿ ಎಲ್ಲರೂ ತಮ್ಮ ತಮ್ಮ ಕೋಣೆಗಳಿಗೆ ಹೋಗುತ್ತಿರುವಾಗ ಲೇಖಕಿ ಆ ಮನೆಯನ್ನು ಒಮ್ಮೆ ನೋಡುತ್ತಾರೆ. ಕಿರುಗುಟ್ಟುವ ಮರ, ಕಪ್ಪು ನೆರಳು, ಗೋಡೆಯೊಳಗೆ ಗುಟ್ಟಿನ ಬಾಗಿಲು ಇದ್ದಿದ್ದರೆ ಹೆದರಿಕೆಗೆ ಒಂದು ಕಾರಣವಾದರೂ ಸಿಗುತ್ತಿತ್ತು. ಈ ಮನೆಯಲ್ಲಿ ಅಂಥದ್ದೊಂದೂ ಇಲ್ಲ. ಎಲ್ಲವೂ ಹೊಚ್ಚ ಹೊಸದು, ಮೂಲೆ ಮೂಲೆಗೂ ವಿದ್ಯುತ್ ಬೆಳಕು. ಇಲ್ಲಿ ಏನೂ ಬಚ್ಚಿಟ್ಟಿಲ್ಲ, ಬಚ್ಚಿಡಲು ಸಾಧ್ಯವೂ ಇಲ್ಲ. ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಅದೇ ಎನ್ನುತ್ತಾರೆ ಕ್ರಿಸ್ಟಿ. ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ಕತ್ತಲಿದ್ದರೆ ನಾವು ಕತ್ತಲನ್ನು ದೂರಬಹುದು, ಬಾಗಿಲ ಹಿಂದೆ ಯಾರೋ ಇದ್ದಾರೆ ಎಂದುಕೊಳ್ಳಬಹುದು. ಎಲ್ಲವೂ ಬೆಳಗುತ್ತಿದ್ದರೆ ದೂರಲು ಉಳಿಯುವುದು ಎದುರಿಗೆ ಕುಳಿತ ಮನುಷ್ಯನ ಮುಖ ಮಾತ್ರ.

ದ್ವೀಪವನ್ನೂ ಅವರು ಇದೇ ಲೆಕ್ಕದಲ್ಲಿ ಕಟ್ಟಿದ್ದಾರೆ. ದಡದಿಂದ ನೋಡಿದರೆ ಮನೆ ಕಾಣುವುದೇ ಇಲ್ಲ. ದೋಣಿ ಬಂಡೆಯನ್ನು ಬಳಸಿಕೊಂಡು ಹೋದ ಮೇಲೆಯೇ ಅದು ಎದುರಾಗುತ್ತದೆ. ಎರಡನೆಯ ದಿನ ಮೂವರು ಗಂಡಸರು ಇಡೀ ದ್ವೀಪವನ್ನು ಜಾಲಾಡುತ್ತಾರೆ. ಗುಹೆಯಿಲ್ಲ, ಪೊದೆಯಿಲ್ಲ, ಹೊರಗಿನವನೊಬ್ಬ ಅಡಗುವಂಥ ಜಾಗವೇ ಇಲ್ಲ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಹುಡುಕಾಟದಿಂದ ಏನಾದರೂ ಸಿಗುತ್ತದೆ, ಓದುಗನಿಗೂ ಒಂದು ಆಸರೆಯಾಗುತ್ತದೆ. ಇಲ್ಲಿ ಏನೂ ಸಿಗದಿರುವುದೇ ಎದೆ ನಡುಗಿಸುವ ಸಂಗತಿ.

ಈ ಕಲ್ಪನೆಗೆ ಮೂಲವೆನ್ನಲಾಗುವ ಬರ್ ದ್ವೀಪ ಡೆವನ್ನಿನ ದಕ್ಷಿಣ ದಡದಲ್ಲಿದೆ. 1929ರಲ್ಲಿ ಅಲ್ಲಿ ಆರ್ಟ್ ಡೆಕೊ ಎಂಬ ಆ ಕಾಲದ ಹೊಸ ಶೈಲಿಯ ಬಿಳಿಯ ಹೋಟೆಲು ಕಟ್ಟಿದರು. ಸಮುದ್ರ ಇಳಿದಾಗ ಅಲ್ಲಿಗೆ ಮರಳಿನ ಮೇಲೆ ನಡೆದೇ ಹೋಗಬಹುದು. ಕಾದಂಬರಿಯಲ್ಲಿ ಹೊಸ ಶೈಲಿಯ ಆ ಮನೆ ಉಳಿದಿದೆ, ಮರಳಿನ ದಾರಿ ಅಳಿಸಿಹೋಗಿದೆ. ಆ ದಾರಿ ಒಂದಿದ್ದಿದ್ದರೆ ಈ ಕಥೆ ನಿಲ್ಲುತ್ತಿರಲಿಲ್ಲ.

ಕತ್ತಲು ಬರುವುದೇ ಇಲ್ಲವೇ? ಬರುತ್ತದೆ, ಆದರೆ ಸರಿಯಾದ ಹೊತ್ತಿಗೆ. ವಿದ್ಯುತ್ ಎಂಜಿನ್ ನೋಡಿಕೊಳ್ಳುತ್ತಿದ್ದವನು ಬದುಕಿಲ್ಲ. ಉಳಿದವರು ಹೊರಗೆ ಹೋಗಿ ಅದನ್ನು ನಡೆಸಬಹುದಿತ್ತು. ಆದರೆ ಉಗ್ರಾಣದಲ್ಲಿ ಮೇಣದ ಬತ್ತಿಗಳಿವೆ, ಅದೇ ಸಾಕು ಎನ್ನುತ್ತಾರೆ. ರಂಗದ ಮೇಲೆ ನಾನು ಒಂದು ಗುಂಡಿ ಒತ್ತಿ ತರುವ ಬದಲಾವಣೆಯನ್ನು ಕ್ರಿಸ್ಟಿ ಮನುಷ್ಯರ ದಣಿವಿನಿಂದ, ಪರಸ್ಪರ ಅಪನಂಬಿಕೆಯಿಂದ ತರುತ್ತಾರೆ. ಮುಂದೆ ವೆರಾ ಎಂಬ ತರುಣಿ ಮೇಣದ ಬತ್ತಿ ಹಿಡಿದು ಒಬ್ಬಳೇ ಮಹಡಿ ಹತ್ತಿ ತನ್ನ ಕೋಣೆಯ ಬಾಗಿಲು ತೆರೆಯುತ್ತಾಳೆ. ಮೊದಲು ಅವಳನ್ನು ಮುಟ್ಟುವುದು ಸಮುದ್ರದ ವಾಸನೆ. ದ್ವೀಪದಲ್ಲಿ ಸಮುದ್ರದ ವಾಸನೆ ಇರುವುದು ಸಹಜ. ಅವಳ ಮೂಗಿಗೆ ಬಂದದ್ದು ಮಾತ್ರ ಬೇರೆ ಸಮುದ್ರದ್ದು, ಒಬ್ಬ ಹುಡುಗ ಮುಳುಗಿದ ಸಮುದ್ರದ್ದು. ಅನಂತರ ತಣ್ಣಗಿನದೇನೋ ಅವಳ ಕುತ್ತಿಗೆಗೆ ತಾಗುತ್ತದೆ. ಅದೇನೆಂದು ಹೇಳಿ ನಿಮ್ಮ ಓದನ್ನು ಕೆಡಿಸಲಾರೆ. ಆ ಎರಡು ಪುಟಗಳಿಗಾಗಿಯೇ ಈ ಪುಸ್ತಕ ಕೊಳ್ಳಬಹುದು.

ನನಗೆ ತುಂಬ ಪ್ರಿಯವಾದ ಪಾತ್ರ ಮುದುಕ ಜನರಲ್ ಮೆಕಾರ್ಥರ್. ಉಳಿದವರು ದೋಣಿಗಾಗಿ ಕಾತರಿಸುತ್ತಿರುವಾಗ ಅವರು ಹೋಗಿ ಕಡಲಂಚಿನಲ್ಲಿ ಕುಳಿತುಬಿಡುತ್ತಾರೆ. ನಾವ್ಯಾರೂ ಈ ದ್ವೀಪ ಬಿಟ್ಟು ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿಬಿಟ್ಟಿದೆ. ಹಾಗೆ ಗೊತ್ತಾದದ್ದು ಅವರಿಗೆ ನೆಮ್ಮದಿ ಕೊಟ್ಟಿದೆ. ವರ್ಷಗಟ್ಟಲೆ ಹೊತ್ತ ಭಾರವನ್ನು ಇಳಿಸಲು ಕೊನೆಗೂ ಒಂದು ಜಾಗ ಸಿಕ್ಕಿತು ಎಂಬಂತೆ ಅವರು ಅಲೆಗಳನ್ನು ನೋಡುತ್ತಿರುತ್ತಾರೆ. ಕ್ರಿಸ್ಟಿಯವರ ಪಾತ್ರಗಳು ಒಗಟು ಬಿಡಿಸಲು ಇಟ್ಟ ಕಾಯಿಗಳಷ್ಟೇ ಎನ್ನುವವರು ಈ ಕೆಲವು ಪುಟಗಳನ್ನು ಮತ್ತೊಮ್ಮೆ ಓದಬೇಕು.

ಇನ್ನೊಂದು ಕಡೆ, ಆರು ಜನ ಬೆಳಗಿನ ತಿಂಡಿಗೆ ಕುಳಿತಿದ್ದಾರೆ. ಮಾತು ಸಭ್ಯವಾಗಿಯೇ ಇದೆ. ಒಳಗೆ ಓಡುವ ಯೋಚನೆಗಳನ್ನು ಮಾತ್ರ ಯಾರದೆಂದು ಹೇಳದೆ ಒಂದರ ಹಿಂದೊಂದು ಕೊಡಲಾಗಿದೆ. ಉತ್ತರ ಗೊತ್ತಿರುವವರು ಯಾವ ಯೋಚನೆ ಯಾರದೆಂದು ಹೊಂದಿಸಿ ನೋಡಲಿ. ಆ ಕೆಲಸದಲ್ಲಿ ನಾನು ಒಂದು ಸಂಜೆ ಕಳೆದೆ.

ಒಪ್ಪದ ಸಂಗತಿಗಳೂ ಇವೆ. ಪುಸ್ತಕದ ಮೊದಲ ಬ್ರಿಟಿಷ್ ಶೀರ್ಷಿಕೆಯಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದವಿತ್ತು. ಅಮೆರಿಕದ ಆವೃತ್ತಿ ಅದನ್ನು ಆರಂಭದಲ್ಲೇ ಕೈಬಿಟ್ಟಿತು, ಬ್ರಿಟನ್ನಿನಲ್ಲಿ ಅದು ದಶಕಗಳ ಕಾಲ ಉಳಿಯಿತು. ಶೀರ್ಷಿಕೆ ಬದಲಾದರೂ ಒಬ್ಬ ಯಹೂದಿ ಮಧ್ಯವರ್ತಿಯ ವರ್ಣನೆಯಲ್ಲಿ ಆ ಕಾಲದ ತಿರಸ್ಕಾರ ಎದ್ದು ಕಾಣುತ್ತದೆ. ಓದುವಾಗ ನನಗೆ ಕಸಿವಿಸಿಯಾಯಿತು. ಕಟ್ಟಕಡೆಯ ದಾಖಲೆಯ ಭಾಗವೂ ನನಗೆ ಹಿಡಿಸಲಿಲ್ಲ. ಪೊಲೀಸ್ ಅಧಿಕಾರಿಗಳಿಬ್ಬರು ಲೆಕ್ಕ ಹಾಕಿ ಹಾಕಿ ಸೋಲುವ ಅಧ್ಯಾಯ ಚೆಂದವಾಗಿದೆ. ಆಮೇಲೆ ಬರುವ ವಿವರಣೆ ಪ್ರತಿಯೊಂದು ಗಂಟನ್ನೂ ಬಿಚ್ಚಿ ನೀಟಾಗಿ ಮಡಿಸಿಡುತ್ತದೆ. ಅದಿಲ್ಲದಿದ್ದರೆ ಒಗಟು ಯಾರಿಗೂ ಬಿಡಿಸಲಾಗದು, ನಿಜ. ಆದರೂ ಅಷ್ಟು ಹೊತ್ತು ಕಾಡಿದ ದ್ವೀಪ ಆ ಪುಟಗಳಲ್ಲಿ ಒಂದು ನಕ್ಷೆಯಷ್ಟೇ ಆಗಿಬಿಡುತ್ತದೆ.

ಕ್ರಿಸ್ಟಿಯವರೇ ಇದನ್ನು ನಾಟಕವಾಗಿಸಿದರು. 1943ರಲ್ಲಿ ಲಂಡನ್ನಿನ ರಂಗಕ್ಕೆ ಬಂದಾಗ ಅಂತ್ಯವನ್ನು ಮೆದುಗೊಳಿಸಿದ್ದರು. ನಾಟಕ ನೋಡಿದವರು ಕಾದಂಬರಿ ಗೊತ್ತೆಂದು ಸುಮ್ಮನಾಗಬೇಡಿ. ಕಾದಂಬರಿ ನಿಮಗೆ ಅಂಥ ಕರುಣೆ ತೋರುವುದಿಲ್ಲ. ಬೆನ್ನುಪುಟದ ಪರಿಚಯವನ್ನೂ ಓದದೆ ನೇರವಾಗಿ ಮೊದಲ ಅಧ್ಯಾಯದ ರೈಲಿಗೆ ಹತ್ತಿ. ಅಲ್ಲಿ ಹೆಸರುಗಳು ಒಟ್ಟೊಟ್ಟಿಗೆ ಬಂದು ಗೊಂದಲವಾಗುತ್ತದೆ. ಇಪ್ಪತ್ತು ಪುಟ ತಾಳಿಕೊಂಡರೆ ಸಾಕು.

ಆ ನಾಟಕಕ್ಕೆ ಬೆಳಕು ಮಾಡುವ ಅವಕಾಶ ನನಗೆ ಇನ್ನೂ ಬಂದಿಲ್ಲ. ಬಂದರೆ ಏನು ಮಾಡಬೇಕೆಂದು ಪುಸ್ತಕದ ಅಂಚಿನಲ್ಲಿ ಆಗಲೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ನೀಲಿ ಜೆಲ್ ಬೇಡ, ಮೊದಲ ಸಾವಿನವರೆಗೆ ಇಡೀ ರಂಗದಲ್ಲಿ ಒಂದು ನೆರಳೂ ಬೀಳಬಾರದು.