ಬಾಟಲಿಯಲ್ಲಿ ಉಳಿದ ಅರ್ಧ ಮಿಲಿ ನೀರು

25 ಮಿಲಿಯ ಸಾಂದ್ರತಾ ಬಾಟಲಿ (ಪ್ರತಿ ಸಲ ಒಂದೇ ಗಾತ್ರದ ದ್ರವ ಹಿಡಿಯುವ, ಮುಚ್ಚಳದಲ್ಲಿ ಸಣ್ಣ ತೂತಿರುವ ಗಾಜಿನ ಬಾಟಲಿ), ಶುದ್ಧ ಎಥನಾಲ್, 25 ಡಿಗ್ರಿ ಸೆಲ್ಸಿಯಸ್. ಬರಬೇಕಿದ್ದ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿನ ತೂಕಕ್ಕೆ ದ್ರವದ ತೂಕ ಎಷ್ಟು ಪಟ್ಟು ಎಂಬುದು, 0.787, ಬಂದದ್ದು 0.795. ಎಥನಾಲ್‌ಗೆ ಯಾರೋ ನೀರು ಬೆರೆಸಿದ್ದಾರೆ ಎಂದು ಡಬ್ಬಿಯನ್ನೇ ವಾಪಸ್ ಕಳಿಸುವವರೆಗೆ ಮಾತು ಹೋಯಿತು. ನೀರು ಬೆರೆತದ್ದೇನೋ ನಿಜ. ಆದರೆ ಡಬ್ಬಿಯಲ್ಲಲ್ಲ, ತೂಗುವ ಬಾಟಲಿಯಲ್ಲೇ.

ಖಾಲಿ ಬಾಟಲಿ 18.42 ಗ್ರಾಂ, ನೀರು ತುಂಬಿದಾಗ 43.35. ಆ ನೀರು ಚೆಲ್ಲಿ, ಒಂದೆರಡು ಸಲ ಕೊಡವಿ, ಹಾಗೇ ಎಥನಾಲ್ ತುಂಬಿದ್ದಕ್ಕೆ 38.24 ಬಂತು. ಒಳಮೈಗೆ, ಕತ್ತಿನ ಬುಡಕ್ಕೆ, ಮುಚ್ಚಳದ ತೂತಿಗೆ ಅಂಟಿದ ನೀರೆಲ್ಲ ಸೇರಿ ಸುಮಾರು ಅರ್ಧ ಮಿಲಿ. ಲೆಕ್ಕದಲ್ಲಿ ತಪ್ಪಿಲ್ಲ:

(38.24 − 18.42) ÷ (43.35 − 18.42) = 19.82 ÷ 24.93 = 0.795

ಒಣಗಿಸಿದ ಬಾಟಲಿಯಲ್ಲಿ ಅದೇ ಎಥನಾಲ್ 38.05 ತೂಗಿತು. 19.63 ÷ 24.93, ಅಂದರೆ 0.787.

ನೀರಿನಲ್ಲಿ ಬೆರೆಯುವ ದ್ರವವಾದರೆ ಮೊದಲು ದ್ರವ, ಆಮೇಲೆ ನೀರು ತೂಗಿ. ನಡುವೆ ನೀರಿನಿಂದಲೇ ನಾಲ್ಕೈದು ಸಲ ಜಾಲಿಸಿದರೆ ಸಾಕು, ಒಣಗಿಸುವ ಗೋಜಿಲ್ಲ. ಎಣ್ಣೆಯಂಥದ್ದಾದರೆ ನೀರು ಮೊದಲು. ಬಳಿಕ ಸ್ವಲ್ಪ ಅಸಿಟೋನ್ ಹಾಕಿ ಜಾಲಿಸಿ, ಗಾಳಿಗೆ ಒಣಗಿಸಿ. ಬಿಸಿ ಒಲೆಯಲ್ಲಿಡಬೇಡಿ. ಬೆಚ್ಚಗಿರುವ ಗಾಜು ತಕ್ಕಡಿಯಲ್ಲಿ ಗಾಳಿ ಮೇಲೇಳಿಸಿ ತೂಕವನ್ನು ಕಡಿಮೆ ತೋರಿಸುತ್ತದೆ. ಮುಚ್ಚಳವನ್ನೂ ಅದಲುಬದಲು ಮಾಡಬೇಡಿ, ಒಂದೊಂದು ಬಾಟಲಿಗೂ ಅದರದೇ ಮುಚ್ಚಳ.

ಇನ್ನೊಂದು ಮೋಸ ಉಷ್ಣತೆಯದು. ಎಥನಾಲ್ ಒಂದು ಡಿಗ್ರಿಗೆ ಸುಮಾರು 0.1 ಶೇಕಡಾ ಹಿಗ್ಗುತ್ತದೆ, ನೀರು ಅದರ ಕಾಲುಭಾಗವೂ ಇಲ್ಲ. ನೀರನ್ನು 25ರಲ್ಲೂ ಎಥನಾಲನ್ನು 30ರಲ್ಲೂ ತೂಗಿದರೆ 0.787 ಹೋಗಿ 0.783 ಆಗುತ್ತದೆ. ಬಾಟಲಿಯ ಹೊಟ್ಟೆ ಹಿಡಿದು ನೋಡಿ, ಅಂಗೈ ಶಾಖಕ್ಕೆ ಮುಚ್ಚಳದ ತುದಿಯಲ್ಲಿ ಹನಿಯೊಂದು ಉಬ್ಬುತ್ತದೆ. ಅದನ್ನು ಒರೆಸಿದಿರೋ, ದ್ರವ ಕಳೆದುಕೊಂಡಿರಿ. ಕತ್ತು ಹಿಡಿಯಿರಿ. ತುಂಬಿದ ಬಾಟಲಿಯನ್ನು ಗೊತ್ತಾದ ಉಷ್ಣತೆಯ ನೀರಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ, ತೆಗೆಯುವ ಮುನ್ನ ತುದಿಯನ್ನು ಸಮಕ್ಕೆ ಒರೆಸಿ. ಆಮೇಲೆ ಮಟ್ಟ ಇಳಿದರೆ ಮತ್ತೆ ತುಂಬಬೇಡಿ, ತೂಕ ಸರಿಯೇ ಇದೆ.

ಇವೆರಡು ತಪ್ಪುಗಳು ಎದುರುಬದುರು ದಿಕ್ಕಿನವು ಎಂಬುದೇ ನಿಜವಾದ ಅಪಾಯ. ಕಾಲು ಮಿಲಿ ನೀರು ಉಳಿದು, ಎಥನಾಲ್ ಐದು ಡಿಗ್ರಿ ಬೆಚ್ಚಗಿದ್ದರೆ ಉತ್ತರ ಮತ್ತೆ 0.787ರ ಆಸುಪಾಸಿಗೇ ಬರುತ್ತದೆ! ಪುಸ್ತಕದ ಅಂಕಿಗೆ ಹೊಂದಿತೆಂದು ನಂಬದೆ, ಬಾಟಲಿ ಖಾಲಿ ಮಾಡಿ ಹೊಸದಾಗಿ ತುಂಬಿ ಎರಡನೇ ಸಲ ತೂಗಿ. ಮೂರನೇ ದಶಮಾಂಶದಲ್ಲೇ ವ್ಯತ್ಯಾಸ ಕಂಡರೆ ಕೈಕೆಲಸದಲ್ಲಿ ಏನೋ ತಪ್ಪಿದೆ. ಗಾಳಿಗುಳ್ಳೆಯನ್ನೂ ಹುಡುಕಿ: 0.1 ಮಿಲಿಯ ಒಂದು ಗುಳ್ಳೆ ಉತ್ತರವನ್ನು 0.003ರಷ್ಟು ಕೆಳಗಿಳಿಸುತ್ತದೆ.

ಖಾಲಿ ಬಾಟಲಿಯ ತೂಕ ಕಳೆಯದೆ 38.05 ÷ 43.35 ಮಾಡಿ 0.878 ಬರೆಯುವವರೂ ಇದ್ದಾರೆ. ಅದು ಎಥನಾಲ್‌ನದಲ್ಲ, ಗಾಜೂ ಸೇರಿದ ಅಂಕಿ.

ಉತ್ತರದ ಪಕ್ಕದಲ್ಲಿ ದ್ರವದ್ದು, ನೀರಿನದು ಎರಡೂ ಉಷ್ಣತೆಯನ್ನು ಬರೆಯಿರಿ, 25/25 ಎಂದು. ಗ್ರಾಂ ಪ್ರತಿ ಮಿಲಿ ಬೇಕಿದ್ದರೆ 25 ಡಿಗ್ರಿ ನೀರಿನ ಸಾಂದ್ರತೆ 0.99705ರಿಂದ ಗುಣಿಸಿ, 0.785 ಬರುತ್ತದೆ. ಕೋಷ್ಟಕದಲ್ಲಿ 0.789 ಕಂಡರೆ ಗಾಬರಿ ಬೇಡ, ಅದು 20 ಡಿಗ್ರಿಯದು.