ಒಂದೇ ಹೆಂಚಿನ ಮನೆ, ಎರಡು ಸಲ: ಗೇಮ್‌ನ ಸಾಮಾನು ಸಾಕಾ, ಕಸ್ಟಮ್ ಬೇಕಾ?

ನನಗೆ ಬೇಕಾಗಿದ್ದು ಮಲೆನಾಡಿನ ಹೆಂಚಿನ ಮನೆ. ನಮ್ಮಜ್ಜಿ ಮನೆಯಂಥದ್ದು. ಮರದ ರೋಲರ್ ಕೋಸ್ಟರಿಗೆ ಆ ಮನೆಯೇ ಸ್ಟೇಷನ್ ಆಗಬೇಕು, ಜಗಲಿ ಮೇಲೆ ಜನ ಕ್ಯೂ ನಿಲ್ಲಬೇಕು.

ಥೀಮ್ ಪಾರ್ಕ್ ಕಟ್ಟುವ ಗೇಮ್ ಆಡುವವರ ನಡುವೆ ಒಂದು ಹಳೇ ವಾದ ಇದೆ. ಗೇಮ್ ಜೊತೆ ಬಂದ ಸಾಮಾನಿನಲ್ಲೇ ಕಟ್ಟಿದರೆ ಮಾತ್ರ ಅದು ಕೈಕೆಲಸ ಅಂತಾರೆ ಕೆಲವರು. ಬೇರೆಯವರು ಮಾಡಿಟ್ಟ ಕಸ್ಟಮ್ ಸಾಮಾನು ಬಳಸಿದರೆ ತಪ್ಪೇನು ಅಂತಾರೆ ಇನ್ನು ಕೆಲವರು. ನಾನು ವಾದಕ್ಕೆ ಹೋಗದೆ ಅದೇ ಮನೆಯನ್ನು ಎರಡೂ ರೀತಿ ಕಟ್ಟಿ ನೋಡಿದೆ.

ಮೊದಲು ರೋಲರ್‌ಕೋಸ್ಟರ್ ಟೈಕೂನ್ 2. 2002ರ ಗೇಮ್. ನಾನು ಈಗ ಅದನ್ನು ಓಪನ್‌ಆರ್‌ಸಿಟಿ2 ಮೂಲಕ ಆಡುತ್ತೇನೆ. ಇದು ಅಭಿಮಾನಿಗಳೇ ಕಟ್ಟಿ ಬೆಳೆಸುತ್ತಿರುವ ಓಪನ್ ಸೋರ್ಸ್ ರೂಪ. ಉಚಿತ, ಆದರೆ ಮೂಲ ಗೇಮ್‌ನ ಫೈಲುಗಳು ನಮ್ಮ ಹತ್ತಿರ ಇರಬೇಕು.

ಮೂಲ ಸಾಮಾನಿನಲ್ಲಿ ಕಟ್ಟಲು ಎರಡು ಸಂಜೆ ಹಿಡಿಯಿತು, ಸುಮಾರು ಆರು ಗಂಟೆ. ಗೋಡೆ, ಕಂಬ ಸುಲಭ. ಕಷ್ಟ ಆಗಿದ್ದು ಸೂರು. ಮಲೆನಾಡಿನ ಮನೆ ನೋಡಿದವರಿಗೆ ಗೊತ್ತು, ಸೂರು ತುಂಬಾ ಕೆಳಗೆ ಬಂದಿರುತ್ತದೆ. ಇರಚಲು ಜಗಲಿಗೆ ಹೊಡೆಯಬಾರದು, ಅದಕ್ಕೆ. ದೊಡ್ಡವರು ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಆದರೆ ಗೇಮ್ ಅದಕ್ಕೆ ಒಪ್ಪಲ್ಲ. ಜನ ನಡೆಯುವ ದಾರಿಯ ಮೇಲೆ ಇಷ್ಟು ಎತ್ತರ ಖಾಲಿ ಇರಲೇಬೇಕು ಅನ್ನುವ ಲೆಕ್ಕ ಅದರದ್ದು. ಚಾವಣಿ ತುಂಡನ್ನು ಕೆಳಗೆ ತಂದ ಕೂಡಲೇ ಅಡ್ಡ ಬರುತ್ತಿದೆ ಅಂತ ತಡೆಯುತ್ತದೆ. ಈ ತಡೆಯನ್ನು ಚೀಟ್ ಹಾಕಿ, ಅಂದರೆ ಗೇಮ್‌ನ ನಿಯಮ ಸಡಿಲಿಸುವ ಆಯ್ಕೆ ಬಳಸಿ, ತೆಗೆಯಬಹುದು. ನಾನು ತೆಗೆಯಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ಕ್ಯೂ ದಾರಿಯನ್ನು ಒಂದು ಚೌಕ ಒಳಗೆ ಸರಿಸಿದೆ. ದಾರಿಯ ಮೇಲೆ ಚಾವಣಿಯ ಎತ್ತರದ ಭಾಗ, ಅದರ ಹೊರಗಿನ ಖಾಲಿ ಚೌಕದ ಮೇಲೆ ತಗ್ಗಿನ ಭಾಗ. ಶಿಫ್ಟ್ ಒತ್ತಿ ಹಿಡಿದು ಮೌಸ್ ಎಳೆದರೆ ವಸ್ತು ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಹಾಗೆ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದೆ. ಸೂರು ಕೆಳಗೆ ಬಂತು, ಜನ ಅದರ ನೆರಳಿನಲ್ಲಿ ನಿಂತರು. ಅಮ್ಮನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಜಗಲಿ ಸರಿಯಾಗಿದೆ" ಅಂದರು. ಆದರೆ ಮಾಡಿನ ಮೂಲೆ ಮಾತ್ರ ಸರಿ ಬರಲಿಲ್ಲ. ಎರಡು ಇಳಿಜಾರು ಕೂಡುವ ಜಾಗ ಹಲ್ಲು ಹಲ್ಲಾಗಿ ಕಾಣುತ್ತಿತ್ತು.

ಆಮೇಲೆ ಕಸ್ಟಮ್. ಈ ಗೇಮ್‌ಗೆ ಅಭಿಮಾನಿಗಳು ಮಾಡಿದ ವಸ್ತುಗಳು ಸಾವಿರಾರು ಇವೆ. ಅದರಲ್ಲಿ ಕೆಂಪು ಹೆಂಚಿನ ಒಂದು ಸೆಟ್ ಸಿಕ್ಕಿತು. ಮೂಲೆಗೇ ಅಂತ ಬೇರೆ ತುಂಡು ಇತ್ತು. ನಲವತ್ತು ನಿಮಿಷದಲ್ಲಿ ಮನೆ ಎದ್ದು ನಿಂತಿತು. ಮೂಲೆ ಎಷ್ಟು ಚೆನ್ನಾಗಿ ಕೂಡಿತ್ತು ಅಂದರೆ, ಆ ತುಂಡು ಬರೆದವರ ಶ್ರಮಕ್ಕೆ ಕೈ ಮುಗಿಯಬೇಕು ಅನ್ನಿಸಿತು. ಆದರೆ ಆ ಸೆಟ್ಟಿನ ಇಳಿಜಾರು ಬಹಳ ಕಡಿದು. ಸೂರು ಮೇಲೆಯೇ ನಿಂತುಬಿಟ್ಟಿತು. ಹಿಮ ಬೀಳುವ ಯಾವುದೋ ಊರಿನ ಮನೆಯ ಹಾಗೆ ಕಂಡಿತು. ಬೇರೆಯವರ ತುಂಡು ತಂದಾಗ ಅವರ ಕಣ್ಣಲ್ಲಿದ್ದ ಮನೆಯೂ ಜೊತೆಗೆ ಬರುತ್ತದೆ, ಅಲ್ವಾ?

ಇನ್ನೆರಡು ವಿಷಯ. ಮೂಲ ಗೇಮ್‌ನಲ್ಲಿ ಒಂದು ಪಾರ್ಕಿಗೆ 252 ಬಗೆಯ ಸಣ್ಣ ಅಲಂಕಾರದ ವಸ್ತು ಮಾತ್ರ ಸೇರಿಸಬಹುದಿತ್ತು. ಓಪನ್‌ಆರ್‌ಸಿಟಿ2 ಈ ಮಿತಿಯನ್ನು ತುಂಬಾ ಹಿಗ್ಗಿಸಿದೆ. ಹಿಗ್ಗಿದ್ದರಿಂದ ಪಟ್ಟಿ ಉದ್ದ ಆಗುತ್ತದೆ, ಒಂದು ಕಂಬ ಹುಡುಕಲು ಸುಮ್ನೆ ಹೊತ್ತು ಹೋಗುತ್ತದೆ. ಎರಡನೆಯದು, ಪಾರ್ಕ್ ಬೇರೆಯವರಿಗೆ ಕೊಡುವಾಗ ಕಸ್ಟಮ್ ವಸ್ತುಗಳನ್ನೂ ಸೇವ್ ಫೈಲಿನೊಳಗೆ ಸೇರಿಸುವ ಆಯ್ಕೆ ಟಿಕ್ ಆಗಿರಬೇಕು. ನಾನು ನೋಡದೆ ಕಳಿಸಿದೆ. ತಮ್ಮನ ಪರದೆ ಮೇಲೆ ಮನೆಯ ಬದಲು ಸಿಗದ ವಸ್ತುಗಳ ಪಟ್ಟಿ ಬಂತು.

ರೇಟಿಂಗ್ ಬಗ್ಗೆ, ಅಂದರೆ ಕೋಸ್ಟರಿಗೆ ಗೇಮ್ ಕೊಡುವ ಅಂಕಗಳ ಬಗ್ಗೆ ಕೇಳುವವರಿಗೆ: ಗೇಮ್‌ಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ. ಸ್ಟೇಷನ್ ಸುತ್ತ ಎಷ್ಟು ಅಲಂಕಾರ ಇದೆ ಅಂತ ಎಣಿಸಿ ಎಕ್ಸೈಟ್‌ಮೆಂಟ್ (ಸವಾರಿಯ ಮಜಾ) ಅಂಕಕ್ಕೆ ಒಂದಿಷ್ಟು ಸೇರಿಸುತ್ತದೆ, ಅಷ್ಟೇ. ಉಳಿದಿದ್ದೆಲ್ಲ ಹಳಿಯಲ್ಲಿದೆ: ಇಳಿತ, ವೇಗ, ತಿರುವಿನ ಒತ್ತಡ. ಇಂಟೆನ್ಸಿಟಿ (ಸವಾರಿಯ ತೀವ್ರತೆ) 10 ದಾಟಿತು ಅಂದರೆ ಎಷ್ಟು ಚಂದದ ಮನೆ ಇದ್ದರೂ ಎಕ್ಸೈಟ್‌ಮೆಂಟ್ ಇಳಿಯುತ್ತದೆ.

ಎರಡನೇ ಪ್ರಯತ್ನ ಪ್ಲಾನೆಟ್ ಕೋಸ್ಟರಿನಲ್ಲಿ. ಇದೂ ಥೀಮ್ ಪಾರ್ಕ್ ಕಟ್ಟುವ ಗೇಮೇ, 2016ರದ್ದು. ಇದರಲ್ಲಿ ತುಂಡನ್ನು ಯಾವ ಕೋನಕ್ಕೆ ಬೇಕಾದರೂ ವಾಲಿಸಬಹುದು. ಹಾಗಾಗಿ ಮನೆ ಕಷ್ಟವಾಗಲಿಲ್ಲ. ಪರೀಕ್ಷೆ ಎದುರಾಗಿದ್ದು ಬೋರ್ಡಿನಲ್ಲಿ. ಗೇಮ್ ಜೊತೆ ಬರುವ ಅಕ್ಷರದ ತುಂಡುಗಳು ಇಂಗ್ಲಿಷಿನವು. ನನಗೆ "ಜಗಲಿ" ಅಂತ ಕನ್ನಡದಲ್ಲೇ ಬೇಕು.

ಸಾದಾ ಆಕಾರದ ತುಂಡುಗಳನ್ನು ಜೋಡಿಸಿ ಬರೆಯಲು ಕೂತೆ. ಗ ಸಲೀಸು: ಒಂದು ಕಮಾನು, ಮೇಲೊಂದು ತಲೆಕಟ್ಟು. ಲ ಹತ್ತಿರ ಎರಡು ಸುತ್ತು, ಅದಕ್ಕೆ ಗುಡಿಸು. ಜ ಮಾತ್ರ ಸತಾಯಿಸಿತು. ಕೈಯಲ್ಲಿ ಒಂದೇ ಎಳೆತದಲ್ಲಿ ಬರುವ ಅಕ್ಷರವನ್ನು ಬಾಗಿದ ತುಂಡುಗಳಲ್ಲಿ ಮಾಡುವಾಗ ಅದು ಎಲ್ಲೆಲ್ಲಿ ತಿರುಗುತ್ತದೆ ಅಂತ ಮೊದಲ ಸಲ ಗಮನಿಸಿದೆ. ಹದಿನೇಳು ತುಂಡು ಬೇಕಾಯಿತು. ಅದೇ ಬೋರ್ಡನ್ನು ಕಸ್ಟಮ್ ಚಿತ್ರವಾಗಿ ಬಿಲ್‌ಬೋರ್ಡಿಗೆ ಹಾಕಲು ಐದು ನಿಮಿಷ. ಓದಲು ಅದೇ ಸ್ಪಷ್ಟ. ಆದರೆ ಹತ್ತಿರದಿಂದ ನೋಡಿದರೆ ಚಪ್ಪಟೆ ಕಾಗದ. ಕೈಯಲ್ಲಿ ಜೋಡಿಸಿದ ಅಕ್ಷರಕ್ಕೆ ಸಂಜೆಯ ಬಿಸಿಲು ಬಿದ್ದಾಗ ಗೋಡೆ ಮೇಲೆ ಅದರ ನೆರಳು ಬೀಳುತ್ತದೆ. ಬಾಗಿಲ ಮೇಲೆ ಅದನ್ನೇ ಇಟ್ಟೆ. ದೂರದ ದಾರಿ ಫಲಕಗಳಿಗೆಲ್ಲ ಚಿತ್ರವೇ ಸಾಕು.

ಕಸ್ಟಮ್ ಅಂದರೆ ಸೋಮಾರಿತನ ಅನ್ನುವ ಮಾತನ್ನು ನಾನು ಒಪ್ಪಲ್ಲ. 2018ರಲ್ಲಿ ಈ ಗೇಮ್‌ಗೆ ಥೀಮ್ ಮೇಕರ್ಸ್ ಟೂಲ್‌ಕಿಟ್ ಬಂತು. ಬ್ಲೆಂಡರಿನಂಥ 3ಡಿ ಸಾಫ್ಟ್‌ವೇರಿನಲ್ಲಿ ಮಾಡಿದ ಮಾಡೆಲ್ ಅನ್ನು ಅದರ ಮೂಲಕ ಗೇಮ್‌ಗೆ ತರಬಹುದು. ಒಂದು ಅಡಿಕೆ ಮರ ಮಾಡಲು ನನಗೆ ಎರಡು ವಾರಾಂತ್ಯ ಹಿಡಿಯಿತು. ಆರು ಗಂಟೆಯ ಮನೆಗಿಂತ ಎಷ್ಟೋ ಜಾಸ್ತಿ ಕೆಲಸ. ಕಾಂಡದ ಉಂಗುರಗಳಿಗೇ ಒಂದು ಇಡೀ ದಿನ.

ಹಳೇ ಗೇಮ್‌ನ ಮನೆಗೂ ಈಗ ಆ ಕಸ್ಟಮ್ ಸೆಟ್ಟಿನ ಮೂಲೆ ತುಂಡುಗಳನ್ನು ಮಾತ್ರ ಹಾಕಿದ್ದೇನೆ, ಸೂರು ನನ್ನದೇ. ಪ್ಲಾನೆಟ್ ಕೋಸ್ಟರಿನ ಅಡಿಕೆ ತೋಟಕ್ಕೆ ಅರವತ್ತು ಮರ ನೆಟ್ಟಾಗ ಎಲ್ಲವೂ ಅಚ್ಚು ಹೊಡೆದಂತೆ ಕಂಡವು. ಅದಕ್ಕೆ ಒಂದೊಂದನ್ನೂ ಬೇರೆ ಬೇರೆ ಕಡೆ ತಿರುಗಿಸಿ, ಕೆಲವನ್ನು ಒಂದು ಮೊಳ ನೆಲದೊಳಗೆ ಇಳಿಸಿ, ಅಂಚಿನವನ್ನು ಸ್ವಲ್ಪ ಬೆಳಕಿನ ಕಡೆಗೆ ವಾಲಿಸಿದೆ.